ಕಬ್ಬಿನ ದರಕ್ಕೆ ಸಂಸತ್ತಿನ ಮತ ಬೇಡವೇ? ಶಾಸನಾಧಿಕಾರ ವಹಿಸಿಕೊಡುವುದಕ್ಕೆ ಇರುವ ಮಿತಿ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರ. ಪ್ರತಿ ಹಂಗಾಮಿನಲ್ಲಿಯೂ ನಮ್ಮ ಕಬ್ಬಿಗೆ ಕನಿಷ್ಠ ದರ ಎಷ್ಟೆಂಬುದನ್ನು ಕೇಂದ್ರ ಸರ್ಕಾರ ಒಂದು ಆದೇಶದ ಮೂಲಕ ಗೊತ್ತುಪಡಿಸುತ್ತದೆ. ಅದರ ಮೇಲೆ ಲೋಕಸಭೆಯಲ್ಲಿ ಮತ ಹಾಕಿದ್ದನ್ನು ನಾನು ಕಂಡಿಲ್ಲ. ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆ ಕೆಲಸವನ್ನು ಸಂಸತ್ತು ಸರ್ಕಾರದ ಕೈಗೆ ಕೊಡಬಹುದೇ? ಕೊಡಬಹುದಾದರೆ ಎಲ್ಲಿಯವರೆಗೆ? ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಬರುತ್ತದೆಯೇ?

ಉತ್ತರ: ಕೊಡಬಹುದು, ಆದರೆ ಎಲ್ಲವನ್ನೂ ಕೊಡುವಂತಿಲ್ಲ. ನಮ್ಮ ಭಾಗದ ಮಾತಿನಲ್ಲಿ ಹೇಳುವುದಾದರೆ ಸಂಸತ್ತು ತನ್ನ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಬಹುದು, ಖರೀದಿ ಪತ್ರ ಬರೆದುಕೊಡುವಂತಿಲ್ಲ. ಲಾವಣಿ ಎಲ್ಲಿಗೆ ಮುಗಿಯುತ್ತದೆ, ಖರೀದಿ ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ ನಮ್ಮ ನ್ಯಾಯಾಲಯಗಳು ಎಪ್ಪತ್ತು ವರ್ಷಗಳಿಗೂ ಮಿಕ್ಕಿ ವಾದಿಸುತ್ತ ಬಂದಿವೆ, ಮತ್ತು ಆ ಗೆರೆ ಈಗಲೂ ನಾವು ಬಯಸುವಷ್ಟು ಸ್ಪಷ್ಟವಾಗಿಲ್ಲ.

ಮೊದಲು ನಿಮ್ಮ ಕೈಯಲ್ಲಿರುವ ಕಬ್ಬಿನ ಬಿಲ್ಲನ್ನೇ ಹಿಡಿದು ಹಿಂದಕ್ಕೆ ಹೋಗೋಣ. 2025–26ರ ಹಂಗಾಮಿಗೆ ಶೇ 10.25ರಷ್ಟು ಸಕ್ಕರೆ ಇಳುವರಿ ಇರುವ ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂದು ಗೊತ್ತುಪಡಿಸಿದ್ದು ಕೇಂದ್ರ ಸರ್ಕಾರ. ಆ ಅಧಿಕಾರ ಅದಕ್ಕೆ ಬಂದದ್ದು 1966ರ ಕಬ್ಬು ನಿಯಂತ್ರಣ ಆದೇಶದ 3ನೆಯ ಖಂಡದಿಂದ. ಆ ಆದೇಶವನ್ನೂ ಸಂಸತ್ತು ಮಾಡಿದ್ದಲ್ಲ, ಸರ್ಕಾರವೇ ಮಾಡಿದ್ದು. ಅದಕ್ಕೆ ಆಧಾರ 1955ರ ಅಗತ್ಯ ವಸ್ತುಗಳ ಕಾಯ್ದೆಯ 3ನೆಯ ಕಲಂ. ಸಂಸತ್ತಿನ ಮತ ಬಿದ್ದದ್ದು ಈ ಕೊನೆಯ ಮೆಟ್ಟಿಲಿನಲ್ಲಿ. ಹಾಗಾಗಿ ನಿಮ್ಮ ಪ್ರಶ್ನೆಯ ನಿಜವಾದ ರೂಪ ಇದು: 1955ರಲ್ಲಿ ಹಾಕಿದ ಒಂದು ಮತ ಈ 355 ರೂಪಾಯಿಯನ್ನು ಹೊರಬಲ್ಲದೇ?

ಸಂವಿಧಾನದಲ್ಲಿ ಇದಕ್ಕೆ ನೇರ ಉತ್ತರವಿಲ್ಲ. 245 ಮತ್ತು 246ನೆಯ ವಿಧಿಗಳು ಸಂಸತ್ತಿಗೂ ರಾಜ್ಯಗಳ ವಿಧಾನಮಂಡಲಗಳಿಗೂ ಶಾಸನ ಮಾಡುವ ಅಧಿಕಾರವನ್ನು ಕೊಟ್ಟಿವೆ. ಅದನ್ನು ಬೇರೆಯವರಿಗೆ ವಹಿಸಬಾರದು ಎಂದು ಅವು ಎಲ್ಲಿಯೂ ಹೇಳುವುದಿಲ್ಲ. ಬದಲಿಗೆ 13ನೆಯ ವಿಧಿ ‘ಕಾನೂನು’ ಎಂಬ ಮಾತಿನೊಳಗೆ ಆದೇಶ, ಉಪವಿಧಿ, ನಿಯಮ, ಅಧಿಸೂಚನೆಗಳನ್ನೂ ಸೇರಿಸಿಕೊಂಡಿದೆ. ಅಂದರೆ ಸದನದ ಹೊರಗೆ ಹುಟ್ಟುವ ಕಾನೂನು ಇದ್ದೇ ಇರುತ್ತದೆಂದು ಸಂವಿಧಾನ ಬರೆದವರು ಬಲ್ಲವರಾಗಿದ್ದರು. ಮಿತಿಯನ್ನು ಎಳೆದವರು ನ್ಯಾಯಾಧೀಶರು.

ಕಥೆ ಶುರುವಾಗುವುದು ಗಾರೋ ಬೆಟ್ಟಗಳಿಂದ. 1869ರ ಒಂದು ಕಾಯ್ದೆ ಆ ಬೆಟ್ಟಗಳನ್ನು ಸಾಮಾನ್ಯ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಟ್ಟು, ಅದೇ ವ್ಯವಸ್ಥೆಯನ್ನು ನೆರೆಯ ಬೆಟ್ಟಗಳಿಗೂ ವಿಸ್ತರಿಸುವ ಅಧಿಕಾರವನ್ನು ಬಂಗಾಳದ ಲೆಫ್ಟಿನೆಂಟ್ ಗವರ್ನರ್‌ಗೆ ಕೊಟ್ಟಿತ್ತು. ಬುರಾ ಎಂಬವನ ಮೊಕದ್ದಮೆಯಲ್ಲಿ 1878ರಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಎತ್ತಿಹಿಡಿಯಿತು: ಕಾನೂನು ಪೂರ್ತಿಯಾಗಿ ಸಿದ್ಧವಾಗಿದೆ, ಯಾವಾಗ ಎಲ್ಲಿ ಜಾರಿಗೆ ಬರಬೇಕು ಎಂಬುದನ್ನಷ್ಟೇ ಬೇರೆಯವರಿಗೆ ಬಿಡಲಾಗಿದೆ. ಇದನ್ನು ಷರತ್ತಿನ ಶಾಸನ ಎನ್ನುತ್ತಾರೆ. ಇದು ನಿರಪಾಯಕಾರಿ ಎಂದು ತೋರಿದರೂ ಎಷ್ಟು ದೂರ ಹೋಗಬಲ್ಲದು ನೋಡಿ: 1978ರ 44ನೆಯ ತಿದ್ದುಪಡಿಯು ಮುನ್ನೆಚ್ಚರಿಕೆ ಬಂಧನದ ನಿಯಮಗಳನ್ನು ಬಿಗಿಗೊಳಿಸಿ 22ನೆಯ ವಿಧಿಯನ್ನು ಬದಲಿಸಿತು, ಆದರೆ ಜಾರಿಯ ದಿನಾಂಕವನ್ನು ಸರ್ಕಾರಕ್ಕೆ ಬಿಟ್ಟಿತು. ಆ ದಿನಾಂಕ ಇನ್ನೂ ಬಂದಿಲ್ಲ. ಎ. ಕೆ. ರಾಯ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ದಿನಾಂಕ ಗೊತ್ತುಮಾಡಿರೆಂದು ಸರ್ಕಾರಕ್ಕೆ ಆಜ್ಞೆ ಮಾಡಲು ಒಪ್ಪಲಿಲ್ಲ. ಸಂಸತ್ತು ಮೂರನೆಯ ಎರಡು ಬಹುಮತದಿಂದ ಮಾಡಿದ ತಿದ್ದುಪಡಿಯ ಒಂದು ಭಾಗ ಹೀಗೆ ಅಧಿಸೂಚನೆಯೊಂದಕ್ಕೆ ಕಾಯುತ್ತ ಕುಳಿತಿದೆ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪ್ರಶ್ನೆ ಬಿಗಿಯಾಯಿತು. 1949ರಲ್ಲಿ ಜತೀಂದ್ರನಾಥ ಗುಪ್ತಾ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿಗಿಂತ ಮೊದಲಿದ್ದ ಫೆಡರಲ್ ಕೋರ್ಟು ಬಿಹಾರದ ಒಂದು ಕಾಯ್ದೆಯ ಅವಧಿಯನ್ನು ಮಾರ್ಪಾಡುಗಳೊಂದಿಗೆ ಮುಂದುವರಿಸುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಕ್ಕೆ ಕೊಟ್ಟದ್ದನ್ನು ಅಸಿಂಧು ಎಂದಿತು. ಆಗ ದೇಶದ ತುಂಬ ಇಂಥ ಕಾಯ್ದೆಗಳಿದ್ದವು. ಅವುಗಳ ಗತಿಯೇನು ಎಂಬ ಚಿಂತೆ ಹುಟ್ಟಿ, ರಾಷ್ಟ್ರಪತಿಗಳು 143ನೆಯ ವಿಧಿಯಡಿ ಮೊಟ್ಟಮೊದಲ ಬಾರಿಗೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 1951ರಲ್ಲಿ ಬಂದ ಉತ್ತರವೇ ದೆಹಲಿ ಕಾನೂನುಗಳ ಕಾಯ್ದೆಯ ಪ್ರಕರಣ. ಏಳು ನ್ಯಾಯಾಧೀಶರು ಕುಳಿತು ಏಳು ತೀರ್ಪು ಬರೆದರು. ಆ ನೂರಾರು ಪುಟಗಳಿಂದ ಒಂದು ಒಮ್ಮತವನ್ನು ಹೆಕ್ಕುವುದು ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಲಿಗೆ ಕಷ್ಟದ ಕೆಲಸ. ಆದರೂ ಬಹುಮತದ ತಿರುಳು ನಿಂತಿದೆ. ನೀತಿ ಯಾವುದೆಂದು ನಿರ್ಧರಿಸಿ, ಅದನ್ನು ಜನ ಪಾಲಿಸಲೇಬೇಕಾದ ನಿಯಮವಾಗಿ ವಿಧಿಸುವುದು ಶಾಸನಸಭೆಯ ಮೂಲ ಕರ್ತವ್ಯ. ಅದನ್ನು ಅದು ಕೈಬಿಡುವಂತಿಲ್ಲ. ಆ ನೀತಿಯ ಚೌಕಟ್ಟಿನೊಳಗೆ ವಿವರ ತುಂಬುವ ಕೆಲಸವನ್ನು ವಹಿಸಬಹುದು. ಇದರ ಮೇಲೆಯೇ, ಬೇರೆ ಪ್ರಾಂತ್ಯದ ಕಾನೂನನ್ನು ತಂದು ಜಾರಿಮಾಡುವಾಗ ಅಲ್ಲಿ ಆಗಲೇ ಇದ್ದ ಕಾನೂನನ್ನು ರದ್ದುಮಾಡುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿದ್ದ 1950ರ ಕಾಯ್ದೆಯೊಂದರ ಕೊನೆಯ ಭಾಗ ಬಿದ್ದುಹೋಯಿತು.

ಮೂರು ವರ್ಷ ಕಳೆಯುವಷ್ಟರಲ್ಲಿ ಪ್ರಶ್ನೆ ನಿಮ್ಮ ಕಬ್ಬಿನ ಹತ್ತಿರಕ್ಕೆ ಬಂತು. ಹರಿಶಂಕರ ಬಾಗ್ಲಾ ಮತ್ತು ಅವರ ಪತ್ನಿ ಮುಂಬಯಿಯಿಂದ ಕಾನಪುರಕ್ಕೆ ರೈಲಿನಲ್ಲಿ ಹೋಗುವಾಗ ಇಟಾರ್ಸಿ ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕರು. ಅವರ ಬಳಿ ಆರು ಮಣಕ್ಕೂ ಹೆಚ್ಚು ಹೊಸ ಹತ್ತಿಬಟ್ಟೆ ಇತ್ತು, ಪರವಾನಗಿ ಇರಲಿಲ್ಲ. ಪರವಾನಗಿ ಬೇಕೆಂದು ಹೇಳಿದ್ದು ಸರ್ಕಾರದ ಆದೇಶ. ಆ ಆದೇಶಕ್ಕೆ ಆಧಾರ 1946ರ ಕಾಯ್ದೆ, ಅಂದರೆ ಇಂದಿನ ಅಗತ್ಯ ವಸ್ತುಗಳ ಕಾಯ್ದೆಯ ಹಿರಿಯಣ್ಣ. 1954ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ಅಗತ್ಯ ವಸ್ತುಗಳ ಪೂರೈಕೆಯನ್ನು ಕಾಯ್ದುಕೊಳ್ಳುವುದು, ಹೆಚ್ಚಿಸುವುದು, ನ್ಯಾಯಬೆಲೆಗೆ ಎಲ್ಲರಿಗೂ ಸಮನಾಗಿ ಸಿಗುವಂತೆ ನೋಡಿಕೊಳ್ಳುವುದು ಎಂದು ಕಾಯ್ದೆಯೇ ಉದ್ದೇಶವನ್ನು ಹೇಳಿದೆ; ಅಷ್ಟು ಸಾಕು. 1955ರ ಕಾಯ್ದೆಯ 3ನೆಯ ಕಲಮಿನಲ್ಲಿಯೂ ಹೆಚ್ಚು ಕಡಿಮೆ ಇವೇ ಮಾತುಗಳಿವೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳ ಓದುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. 1956ರವರೆಗೆ ಬೆಳಗಾವಿಯೂ ಅಂದಿನ ಅಖಂಡ ವಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹಿರಿಯರು ಈಗಲೂ ‘ಕುಳ ಕಾಯ್ದೆ’ ಎನ್ನುವ 1948ರ ಮುಂಬಯಿ ಗೇಣಿ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಅದರ 6ನೆಯ ಕಲಂ, ನೀರಾವರಿ ಹೊಲಕ್ಕೆ ಫಸಲಿನ ನಾಲ್ಕನೆಯ ಒಂದು ಭಾಗ, ಉಳಿದ ಹೊಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಗೇಣಿ ಪಡೆಯಬಾರದು ಎಂದಿತು. ಅದರ ಎರಡನೆಯ ಉಪಕಲಂ, ಸರ್ಕಾರ ಅಧಿಸೂಚನೆಯಿಂದ ಇದಕ್ಕಿಂತ ಕಡಿಮೆ ಪ್ರಮಾಣವನ್ನು ಗೊತ್ತುಪಡಿಸಬಹುದು ಎಂದಿತು. 1952ರಲ್ಲಿ ಸರ್ಕಾರ ಅದನ್ನು ಆರನೆಯ ಒಂದು ಭಾಗಕ್ಕೆ ಇಳಿಸಿತು. ಮಾಲೀಕರು ಕೇಳಿದ ಪ್ರಶ್ನೆ ಸರಳವಾಗಿತ್ತು: ಮೇಲಿನ ಮಿತಿಯನ್ನು ಕಾಯ್ದೆ ಹೇಳಿದೆ, ಕೆಳಗಿನ ಮಿತಿ ಎಲ್ಲಿ? ನಾಳೆ ಸರ್ಕಾರ ಇಪ್ಪತ್ತನೆಯ ಒಂದು ಭಾಗ ಎಂದರೆ ತಡೆಯುವವರು ಯಾರು? ವಸಂತಲಾಲ್ ಮಗನಭಾಯಿ ಮೊಕದ್ದಮೆಯಲ್ಲಿ 1960ರಲ್ಲಿ ತೀರ್ಪು ಬಂತು. ಬಹುಮತದ ತೀರ್ಪು ಬರೆದವರು ಅಡ್ಡಹೆಸರಿನಲ್ಲಿಯೇ ನಮ್ಮ ನೆರೆಯ ಗಜೇಂದ್ರಗಡವನ್ನು ಹೊತ್ತಿದ್ದ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರ್. ಕಾಯ್ದೆಯ ಪೀಠಿಕೆಯಲ್ಲಿ ಗೇಣಿದಾರನ ಸ್ಥಿತಿ ಸುಧಾರಿಸುವ ಉದ್ದೇಶವಿದೆ. ನ್ಯಾಯವಾದ ಗೇಣಿ ನಿರ್ಧರಿಸುವಾಗ ಯಾವುದನ್ನು ನೋಡಬೇಕೆಂದು 12ನೆಯ ಕಲಂ ಹೇಳುತ್ತದೆ. ಇವೆರಡನ್ನೂ ಕೂಡಿಸಿ ಓದಿದರೆ ಸರ್ಕಾರಕ್ಕೆ ದಾರಿ ತೋರಿಸಿದಂತಾಯಿತು ಎಂದು ಅವರು ಎತ್ತಿಹಿಡಿದರು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಒಪ್ಪಲಿಲ್ಲ.

ಈ ಭಿನ್ನಮತ ನನಗೆ ಬಹಳ ಮುಖ್ಯವೆನಿಸುತ್ತದೆ. ಗೇಣಿ ಇಳಿದದ್ದು ಬಡ ರೈತನಿಗೆ ಒಳ್ಳೆಯದಾಯಿತು, ಆದ್ದರಿಂದ ತೀರ್ಪೂ ಒಳ್ಳೆಯದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಒಂದು ಕಾಯ್ದೆಯ ಪೀಠಿಕೆಯಿಂದ ಎರಡು ಸಾಲು, ಬೇರೊಂದು ಸಂದರ್ಭಕ್ಕೆ ಬರೆದ ಕಲಮಿನಿಂದ ನಾಲ್ಕು ಸಾಲು ತಂದು ಹೊಲಿದು, ‘ಇದೇ ನೀತಿ’ ಎಂದು ನ್ಯಾಯಾಲಯವೇ ತೋರಿಸಿಕೊಡುವುದಾದರೆ, ನೀತಿ ಹೇಳುವ ಕಷ್ಟವನ್ನು ಶಾಸನಸಭೆ ಏಕೆ ಪಟ್ಟೀತು?

ತೆರಿಗೆಯ ವಿಷಯದಲ್ಲಿ ನ್ಯಾಯಾಲಯ ಸ್ವಲ್ಪ ಹೆಚ್ಚು ಬಿಗಿ, ಏಕೆಂದರೆ ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲವೆಂದು 265ನೆಯ ವಿಧಿ ಹೇಳುತ್ತದೆ. ಪಂಜಾಬಿನ ಮಾರಾಟ ತೆರಿಗೆ ಕಾಯ್ದೆ ಮೊದಲು ‘ಸರ್ಕಾರ ನಿರ್ದೇಶಿಸುವ ದರದಲ್ಲಿ’ ತೆರಿಗೆ ಎಂದಷ್ಟೇ ಹೇಳಿತ್ತು; ಆಮೇಲೆ ತಿದ್ದುಪಡಿ ಮಾಡಿ, ರೂಪಾಯಿಗೆ ಎರಡು ಪೈಸೆ ಮೀರಬಾರದು ಎಂಬ ಮಾತನ್ನು ಸೇರಿಸಿತು. 1967ರ ದೇವಿದಾಸ್ ಗೋಪಾಲಕೃಷ್ಣನ್ ಮೊಕದ್ದಮೆಯಲ್ಲಿ ಮೊದಲಿನ ರೂಪ ಬಿತ್ತು, ಎರಡನೆಯದು ಉಳಿಯಿತು. ಆ ತೀರ್ಪು ಬರೆದವರು ಅಷ್ಟರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅದೇ ಸುಬ್ಬರಾವ್. ನಗರಸಭೆಗಳ ವಿಷಯದಲ್ಲಿ ಮಾತ್ರ ಸಡಿಲಿಕೆ ಇದೆ. ಸ್ಥಳೀಯ ಸಂಸ್ಥೆಗೆ ತನ್ನ ಖರ್ಚಿನ ಅಗತ್ಯವೇ ಒಂದು ಮಿತಿ, ಅದರ ಸದಸ್ಯರು ಜನರಿಗೆ ಉತ್ತರ ಹೇಳಬೇಕಾದವರು ಎಂಬ ಕಾರಣಗಳನ್ನು ಕೊಡುತ್ತಾರೆ.

ಬಿದ್ದುಹೋದ ಕಾಯ್ದೆಗಳು ಬೆರಳೆಣಿಕೆಯಷ್ಟು. ಪುದುಚೇರಿಯ ಸಭೆ 1965ರಲ್ಲಿ ಮದ್ರಾಸಿನ ಮಾರಾಟ ತೆರಿಗೆ ಕಾಯ್ದೆಯನ್ನು, ತನ್ನ ಕಾಯ್ದೆ ಜಾರಿಗೆ ಬರುವ ದಿನದಂದು ಅದು ಹೇಗಿರುತ್ತದೆಯೋ ಹಾಗೆ, ಒಪ್ಪಿಕೊಂಡಿತು. ನಡುವೆ ಮದ್ರಾಸಿನವರು ಅದನ್ನು ತಿದ್ದಿದರು. ಪುದುಚೇರಿಯ ಸದಸ್ಯರು ಕಣ್ಣಿಂದ ನೋಡದ ತಿದ್ದುಪಡಿಯೊಂದು ಅವರ ಜನರ ಮೇಲೆ ಬಂದು ಕುಳಿತಿತು. 1967ರಲ್ಲಿ ಶಾಮರಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಇದನ್ನು ಪೂರ್ಣ ಶರಣಾಗತಿ ಎಂದಿತು. ನಾನು ಹೇಳಿದ ಖರೀದಿ ಪತ್ರ ಇದೇ. ಹಮ್‌ದರ್ದ್ ದವಾಖಾನಾ ಮೊಕದ್ದಮೆಯಲ್ಲಿ ಔಷಧ ಜಾಹೀರಾತು ನಿಷೇಧ ಕಾಯ್ದೆಯ ‘ನಿಯಮಗಳಲ್ಲಿ ಸೂಚಿಸುವ ಬೇರೆ ಯಾವುದೇ ರೋಗ’ ಎಂಬ ಮಾತು ಬಿತ್ತು. ಯಾವ ಬಗೆಯ ರೋಗವನ್ನು ಸೇರಿಸಬೇಕು ಎಂಬುದಕ್ಕೆ ಅಳತೆಗೋಲೇ ಇರಲಿಲ್ಲ. ಅದರ ಪಕ್ಕದಲ್ಲಿ ಅಗತ್ಯ ವಸ್ತುಗಳ ಕಾಯ್ದೆಯ 2ಎ ಕಲಮನ್ನು ಇಟ್ಟು ನೋಡಿ: ಹೊಸ ವಸ್ತುವನ್ನು ಪಟ್ಟಿಗೆ ಸೇರಿಸಲು ಸಾರ್ವಜನಿಕ ಹಿತ ಕಾರಣವಾಗಿರಬೇಕು, ರಾಜ್ಯಗಳೊಂದಿಗೆ ಸಮಾಲೋಚಿಸಬೇಕು, ಮೊದಲಿಗೆ ಆರು ತಿಂಗಳು ಮೀರಬಾರದು. 2020ರ ಮಾರ್ಚಿಯಲ್ಲಿ ಮಾಸ್ಕು, ಸ್ಯಾನಿಟೈಸರುಗಳು ಆ ಪಟ್ಟಿ ಸೇರಿದ್ದು ಜೂನ್ 30ರವರೆಗೆ ಮಾತ್ರ. ವಹಿಸಿಕೊಡುವುದಾದರೆ ಹೀಗೆ ಬೇಲಿ ಹಾಕಿ ವಹಿಸಬೇಕು.

ಇನ್ನೊಂದು ಮೊಕದ್ದಮೆಯನ್ನು ನಾನು ಮರೆಯುವುದಿಲ್ಲ, ಅದಕ್ಕೆ ಸ್ವಂತ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರ ನಾಲ್ಕೈದು ಹಿರಿಯರು ಮನೆ ತೆರಿಗೆಯ ನೋಟಿಸುಗಳನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಕಚೇರಿಗೆ ಬಂದರು. ಊರನ್ನು ಪಟ್ಟಣದ ಹದ್ದಿಗೆ ಸೇರಿಸಿದ್ದು ಅವರಿಗೆ ತಿಳಿದದ್ದು ಆ ನೋಟಿಸಿನಿಂದಲೇ. ಆಕ್ಷೇಪಣೆ ಕರೆದ ಕರಡು ಅಧಿಸೂಚನೆಯನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ನಾನು ಅವರಿಗೆ ಹೇಳಿದ್ದು 1954ರ ರಾಜನಾರಾಯಣ ಸಿಂಗ್ ಮೊಕದ್ದಮೆಯ ಕಥೆ. ಪಟನಾದಲ್ಲಿ ಸರ್ಕಾರ, ನಗರಸಭೆ ಕಾಯ್ದೆಯ ತೆರಿಗೆಗೆ ಸಂಬಂಧಪಟ್ಟ ಒಂದೇ ಒಂದು ಕಲಮನ್ನು ಆರಿಸಿ, ತಿದ್ದಿ, ಹೊಸ ಪ್ರದೇಶಕ್ಕೆ ಹಚ್ಚಿತು. ಜನರ ಆಕ್ಷೇಪಣೆ ಕೇಳಿದ ಮೇಲೆಯೇ ಪ್ರದೇಶವನ್ನು ಸೇರಿಸಬೇಕೆಂಬ ಕಲಮುಗಳನ್ನು ಬಿಟ್ಟಿತು. ಕೇಳಿಸಿಕೊಂಡ ಮೇಲೆ ತೆರಿಗೆ ಎಂಬುದು ಆ ಕಾಯ್ದೆಯ ನೀತಿ, ಮಾರ್ಪಾಡಿನ ಹೆಸರಿನಲ್ಲಿ ನೀತಿಯನ್ನೇ ತೆಗೆಯಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು ಆ ಅಧಿಸೂಚನೆಯನ್ನು ರದ್ದುಮಾಡಿತು. ಇಲ್ಲಿ ಬಿದ್ದದ್ದು ಕಾಯ್ದೆಯಲ್ಲ, ಅಧಿಸೂಚನೆ. ಈ ವ್ಯತ್ಯಾಸಕ್ಕೆ ಮತ್ತೆ ಬರುತ್ತೇನೆ.

ಸಡಿಲಿಕೆಯ ತುದಿಯನ್ನು ನೋಡಬೇಕೆಂದರೆ ನಮ್ಮದೇ ರಾಜ್ಯದ ಮೊಕದ್ದಮೆಯಿದೆ. 1965ರ ಮೈಸೂರು ಅಬಕಾರಿ ಕಾಯ್ದೆಯ 22ನೆಯ ಕಲಂ, ಸುಂಕದ ದರವನ್ನು ರಾಜ್ಯ ಸರ್ಕಾರ ನಿಗದಿಪಡಿಸಬಹುದು ಎಂದಿತು; ಗರಿಷ್ಠ ಮಿತಿ ಇರಲಿಲ್ಲ. 1975ರಲ್ಲಿ ಎಂ. ಕೆ. ಪಾಪಯ್ಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ, ನಿಯಮಗಳನ್ನು ಸದನದ ಮುಂದೆ ಮಂಡಿಸಬೇಕೆಂದು 71ನೆಯ ಕಲಮಿನಲ್ಲಿ ಇದೆಯಲ್ಲ, ಬೇಡವೆಂದರೆ ಸದನ ಅವುಗಳನ್ನು ತಿದ್ದಬಹುದು ಅಥವಾ ರದ್ದುಮಾಡಬಹುದು, ಆದ್ದರಿಂದ ಹಿಡಿತ ಸದನದ ಕೈಯಲ್ಲಿಯೇ ಇದೆ ಎಂದರು. ಲಾವಣಿಯನ್ನು ಯಾವಾಗ ಬೇಕಾದರೂ ಬಿಡಿಸಿಕೊಳ್ಳಬಹುದು, ಹಾಗಾಗಿ ಖರೀದಿಯಾಗಿಲ್ಲ ಎಂಬ ತರ್ಕ. ಇದೇ ವಾದವನ್ನು ಅವರು 1973ರ ಗ್ವಾಲಿಯರ್ ರೇಯಾನ್ ಮೊಕದ್ದಮೆಯಲ್ಲಿ ಮುಂದಿಟ್ಟಾಗ, ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಪ್ಪಿರಲಿಲ್ಲ: ಕಾಯ್ದೆಯನ್ನು ರದ್ದುಮಾಡುವ ಶಕ್ತಿ ಶಾಸನಸಭೆಗೆ ಯಾವಾಗಲೂ ಇದ್ದೇ ಇರುತ್ತದೆ; ಅದೇ ಸಾಕೆಂದರೆ ಮಿತಿ ಎಂಬುದೇ ಉಳಿಯುವುದಿಲ್ಲ. ನನಗೆ ಖನ್ನಾ ಅವರ ಮಾತೇ ಸರಿಯೆನಿಸುತ್ತದೆ. ಹೊಲ ಬಿಡಿಸಿಕೊಳ್ಳುವ ಹಕ್ಕು ಇಟ್ಟುಕೊಂಡ ಮಾಲೀಕ, ಅಲ್ಲಿ ಏನು ಬೆಳೆಯಬೇಕೆಂದು ಒಂದು ಮಾತಾದರೂ ಹೇಳಿರಬೇಕು.

ಮಂಡಿಸುವುದು ಎಂದರೆ ನಿಜವಾಗಿ ಏನಾಗುತ್ತದೆ? ಸಾಮಾನ್ಯವಾಗಿ ಕೇಂದ್ರ ಕಾಯ್ದೆಗಳಲ್ಲಿ, ನಿಯಮಗಳನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು, ಎರಡೂ ಒಪ್ಪಿ ತಿದ್ದಿದರೆ ಅಲ್ಲಿಂದ ಮುಂದಕ್ಕೆ ತಿದ್ದುಪಡಿ ಅನ್ವಯಿಸುತ್ತದೆ ಎಂದಿರುತ್ತದೆ. ಅಷ್ಟರಲ್ಲಿ ನಡೆದುಹೋದದ್ದು ನಡೆದುಹೋದಂತೆಯೇ. ನಿಮ್ಮ ಕಬ್ಬಿನ ಆದೇಶದ ವಿಷಯದಲ್ಲಿ ಇಷ್ಟೂ ಇಲ್ಲ: ಅಗತ್ಯ ವಸ್ತುಗಳ ಕಾಯ್ದೆಯ 3(6)ನೆಯ ಉಪಕಲಂ, ಆದೇಶವನ್ನು ಆದಷ್ಟು ಬೇಗ ಸದನಗಳ ಮುಂದೆ ಇಡಬೇಕು ಎನ್ನುತ್ತದೆಯೇ ಹೊರತು, ಇಟ್ಟ ಮೇಲೆ ಸದನ ಏನು ಮಾಡಬಹುದೆಂದು ಹೇಳುವುದಿಲ್ಲ. ಇಡದಿದ್ದರೆ? ಕಬ್ಬಿಣ ಮತ್ತು ಉಕ್ಕಿನ ದರದ ಅಟ್ಲಾಸ್ ಸೈಕಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಉಪಕಲಮನ್ನು ಓದಿ, ಅದು ಕಡ್ಡಾಯವಲ್ಲ, ಇಡದ ಮಾತ್ರಕ್ಕೆ ಆದೇಶ ಅಸಿಂಧುವಾಗದು ಎಂದಿತು. ಹಾಗಾಗಿ ಪಾಪಯ್ಯ ತೀರ್ಪು ನೆಚ್ಚಿಕೊಂಡ ಕಾವಲು ಕಾಗದದ ಮೇಲೆ ಕಾಣುವಷ್ಟು ಗಟ್ಟಿಯಲ್ಲ. ಲೋಕಸಭೆಯಲ್ಲಿ 1953ರಿಂದ, ನಮ್ಮ ವಿಧಾನಮಂಡಲದಲ್ಲಿಯೂ, ಅಧೀನ ಶಾಸನಕ್ಕೆಂದೇ, ಅಂದರೆ ಹೀಗೆ ವಹಿಸಿಕೊಟ್ಟ ಅಧಿಕಾರದಿಂದ ಹುಟ್ಟುವ ನಿಯಮ, ಆದೇಶಗಳನ್ನು ನೋಡಲೆಂದೇ, ಸಮಿತಿಗಳಿವೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ಸದನದ ಮೇಜಿನ ಮೇಲೆ ಇಟ್ಟ ಕಾಗದಪತ್ರಗಳ ಪಟ್ಟಿಯನ್ನು ಯಾರಾದರೂ ಓದಿ ನೋಡಿ. ಅಧಿಸೂಚನೆಗಳು ಸಾಲಾಗಿ ಬಂದು ಹೋಗುತ್ತವೆ, ಯಾವ ಸದಸ್ಯರೂ ಎದ್ದು ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಅಪರೂಪ.

ಇತ್ತೀಚಿನ ದೊಡ್ಡ ಪರೀಕ್ಷೆ ನೋಟು ರದ್ದತಿಯದು. ರಿಸರ್ವ್ ಬ್ಯಾಂಕಿನ ಶಿಫಾರಸಿನ ಮೇಲೆ ನೋಟುಗಳ ಮಾನ್ಯತೆ ತೆಗೆಯಲು ಸರ್ಕಾರಕ್ಕೆ ಅವಕಾಶ ಕೊಡುವ ರಿಸರ್ವ್ ಬ್ಯಾಂಕ್ ಕಾಯ್ದೆಯ 26(2)ನೆಯ ಉಪಕಲಂ ಅತಿಯಾದ ಅಧಿಕಾರ ಕೊಟ್ಟಿದೆ ಎಂಬ ವಾದವನ್ನು 2023ರ ಜನವರಿ 2ರಂದು ನಾಲ್ವರು ನ್ಯಾಯಾಧೀಶರು ತಳ್ಳಿಹಾಕಿದರು. ಅಧಿಕಾರ ಪಡೆದದ್ದು ಸಂಸತ್ತಿಗೆ ಉತ್ತರ ಹೇಳಬೇಕಾದ ಕೇಂದ್ರ ಸರ್ಕಾರವೇ ಎಂಬುದು ಅವರ ಕಾರಣಗಳಲ್ಲೊಂದು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಒಬ್ಬರೇ ಭಿನ್ನವಾಗಿ, ಪ್ರಸ್ತಾವ ಸರ್ಕಾರದಿಂದಲೇ ಹೊರಟಿದ್ದರೆ ಅದು ಶಾಸನದ ಮೂಲಕವೇ ಆಗಬೇಕಿತ್ತು ಎಂದರು.

ಈಗ ನಿಮ್ಮ ಕೊನೆಯ ಪ್ರಶ್ನೆ. 3ನೆಯ ಕಲಮನ್ನೇ ಅಸಿಂಧು ಎನ್ನಿಸಲು ಹೊರಟರೆ, ಬಾಗ್ಲಾ ತೀರ್ಪು ಇರುವವರೆಗೆ ಗೆಲ್ಲುವುದು ಬಹಳ ಕಷ್ಟ. ನಿಮ್ಮ ಪರವಾಗಿ ಹೇಳಬಹುದಾದ ಒಂದು ಮಾತಿದೆ: ಉತ್ಪಾದನಾ ವೆಚ್ಚ, ಬೇರೆ ಬೆಳೆಯಿಂದ ಬರುವ ಆದಾಯ, ಸಕ್ಕರೆಯ ಇಳುವರಿ, ಕಾಕಂಬಿ ಮತ್ತು ಕಬ್ಬಿನ ಸಿಪ್ಪೆಯಿಂದ ಬರುವ ಹಣ, ರೈತನಿಗೆ ಸಿಗಬೇಕಾದ ಲಾಭಾಂಶ, ಇವುಗಳನ್ನೆಲ್ಲ ನೋಡಿ ದರ ಕಟ್ಟಬೇಕೆಂಬ ಅಳತೆಗೋಲು ಇರುವುದು ಕಾಯ್ದೆಯಲ್ಲಿ ಅಲ್ಲ, ಸರ್ಕಾರವೇ ಮಾಡಿಕೊಂಡ ಆದೇಶದಲ್ಲಿ. ಅಳತೆಗೋಲು ಕಾಯ್ದೆಯಲ್ಲಿಯೇ ಇರಬೇಕಿತ್ತೆಂಬುದು ತಾತ್ವಿಕವಾಗಿ ಒಳ್ಳೆಯ ವಾದ. ಆದರೆ ‘ನ್ಯಾಯಬೆಲೆ’ ಎಂಬ ಒಂದು ಪದವೇ ಕೋರ್ಟಿಗೆ ಸಾಕಾಗುತ್ತದೆ ಎಂಬುದು ನನ್ನ ಅಂದಾಜು. ಅಲ್ಲದೆ ಆ ಕಲಂ ಬಿದ್ದರೆ ಅದರೊಡನೆ ಆದೇಶವೂ ಬೀಳುತ್ತದೆ. ಕಬ್ಬು ಕಳುಹಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು ಕಾರಖಾನೆಗೆ ಹೇಳುವ 3ನೆಯ ಖಂಡದ ಮಾತುಗಳೂ ಆ ಆದೇಶದಲ್ಲಿಯೇ ಇವೆ.

ನಿಮಗೆ ಉಪಯೋಗವಾಗುವುದು ಎರಡನೆಯ ಬಾಗಿಲು. ಕಾಯ್ದೆಯನ್ನು ಬಿಟ್ಟು ಆದೇಶವನ್ನೇ ಪ್ರಶ್ನಿಸಬಹುದು. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿಯೂ ಓದಿದ್ದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ 1984ರ ಇಂಡಿಯನ್ ಎಕ್ಸ್‌ಪ್ರೆಸ್ ಮೊಕದ್ದಮೆಯಲ್ಲಿ ವಿವರಿಸಿದಂತೆ, ಅಧೀನ ಶಾಸನಕ್ಕೆ ಸಂಸತ್ತಿನ ಕಾಯ್ದೆಗಿರುವಷ್ಟು ರಕ್ಷಣೆ ಇಲ್ಲ; ಮೂಲ ಕಾಯ್ದೆಯನ್ನು ಮೀರಿದ್ದರೆ, ಬೇರೊಂದು ಕಾಯ್ದೆಗೆ ವಿರುದ್ಧವಾಗಿದ್ದರೆ, ಇಲ್ಲವೇ ತೀರಾ ಮನಬಂದಂತೆ ಮಾಡಿದ್ದರೆ ಅದನ್ನು ರದ್ದುಮಾಡಬಹುದು. ದರ ಕಟ್ಟುವಾಗ ಆದೇಶವೇ ಹೇಳಿದ ಅಂಶಗಳಲ್ಲಿ ಯಾವುದನ್ನಾದರೂ ಪೂರ್ತಿಯಾಗಿ ಬಿಟ್ಟಿದ್ದರೆ, ಅಥವಾ ಅಧಿಕಾರ ವಹಿಸಿಕೊಂಡವರು ಕಾಯ್ದೆಯ 5ನೆಯ ಕಲಂ ಅನುಮತಿಸದ ಮತ್ತೊಬ್ಬರಿಗೆ ಅದನ್ನು ವಹಿಸಿದ್ದರೆ, 226ನೆಯ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಆದರೆ ನಿಮ್ಮ ತಕರಾರು ದರದ ಬಗ್ಗೆ ಅಲ್ಲದೆ ತಡವಾದ ಬಿಲ್ಲಿನ ಬಗ್ಗೆ ಇದ್ದರೆ, ಸಂವಿಧಾನದವರೆಗೆ ಹೋಗುವ ಅಗತ್ಯವೇ ಇಲ್ಲ: ತೂಕದ ಚೀಟಿಯ ಮೇಲಿನ ದಿನಾಂಕದಿಂದ ಹದಿನಾಲ್ಕು ದಿನ ಎಣಿಸಿ, ಬಡ್ಡಿಯ ಲೆಕ್ಕ ಬರೆದು, ಮೊದಲ ಅರ್ಜಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.